ಬೀರುವಿನಲ್ಲಿಟ್ಟ ಕಾಗದಗಳು

3 ಡಿಸೆಂಬರ್ 2024, ಮಂಗಳವಾರ
ಅರಸೀಕೆರೆ

ಬೆಳಿಗ್ಗೆ ಹತ್ತೂವರೆಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಫೋನು. ಶುಂಠಿ ಹೊಲದ ಶೆಡ್ಡಿನಿಂದ ಕೆಲವರನ್ನು ಬಿಡಿಸಿ ತಂದಿದ್ದಾರೆ, ಅವರಲ್ಲಿ ಒಬ್ಬಳೇ ಹೆಂಗಸು, ಜೊತೆಗೆ ಕೂರುವುದಕ್ಕೆ ಯಾರಾದರೂ ಹೆಣ್ಣುಮಕ್ಕಳು ಬೇಕು, ಬರುತ್ತೀರಾ ಎಂದರು. ಒಲೆಯ ಮೇಲಿದ್ದ ಸಾರು ಇಳಿಸಿ ಹೊರಟೆ. ಶಾಲೆಯಿಂದ ನಿವೃತ್ತಿಯಾಗಿ ನಾಲ್ಕು ವರ್ಷ, ಅರೆ ಕಾನೂನು ಸ್ವಯಂಸೇವಕಿಯಾಗಿ ಮೂರು ವರ್ಷ. ಪಿಂಚಣಿ, ಜೀವನಾಂಶ, ಖಾತೆ ಬದಲಾವಣೆ ಇಂಥವಕ್ಕೆ ಅರ್ಜಿ ಬರೆದುಕೊಟ್ಟು ಅಭ್ಯಾಸ. ಜೀತದ ಪ್ರಕರಣ ಇದೇ ಮೊದಲು.

ಕುರ್ಚಿಗಳು ಖಾಲಿ ಇದ್ದರೂ ಅವಳು ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಎದುರಿಗೆ ಯಾರೋ ನೀರಿನ ಬಾಟಲಿ ತಂದಿಟ್ಟಿದ್ದರು. ಮುಟ್ಟಿರಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಾದ ಮೇಲೆ ನನ್ನ ಮುಖ ನೋಡದೆ ಕೇಳಿದಳು: "ಕುಡೀಲೇನ್ರಿ?"

ಉಗುರಿನ ಸಂದಿಯಲ್ಲಿ ಕೆಮ್ಮಣ್ಣು ಕೂತುಬಿಟ್ಟಿದೆ. ವಯಸ್ಸು ಮೂವತ್ತೊಂದಂತೆ, ನೋಡಿದರೆ ನಲವತ್ತೈದು ಅನ್ನಬೇಕು. ಕೊಪ್ಪಳದ ಕಡೆಯವಳು. ನಾನು ಟೀಚರಾಗಿದ್ದೆ ಎಂದು ತಿಳಿದ ಮೇಲೆ "ಅಕ್ಕೋರ" ಅನ್ನತೊಡಗಿದಳು. ಅವರ ಕಡೆ ಶಾಲೆಯ ಟೀಚರಮ್ಮನನ್ನು ಹಾಗೇ ಕರೆಯುವುದು. ಹೆಸರು ಹೇಳಿದ್ದಾಳೆ. ಈ ಪುಸ್ತಕ ನನ್ನದೇ, ಬೇರೆ ಯಾರೂ ಓದುವುದಿಲ್ಲ. ಆದರೂ ಇಲ್ಲಿ ಅವಳ ಹೆಸರು ಬರೆಯುವುದಿಲ್ಲ.

5 ಡಿಸೆಂಬರ್, ಗುರುವಾರ

ಇವತ್ತು ಹೇಳಿಕೆ. ಬೆಳಿಗ್ಗೆ ಹನ್ನೊಂದರಿಂದ ಸಂಜೆ ಐದರವರೆಗೆ.

ಎಂದು ಬಂದೆ ಎಂದು ಕೇಳಿದರು. ತಾರೀಕು ಗೊತ್ತಿಲ್ಲ ಅಂದಳು. ತಿಂಗಳಾದರೂ ಹೇಳಮ್ಮ ಎಂದರು. ಅದೂ ಗೊತ್ತಿಲ್ಲ. ಗೊತ್ತಿಲ್ಲ ಎಂದೇ ಬರೆದುಕೊಳ್ಳಲು ಹೊರಟಿದ್ದರು, ನಾನು ಒಂದು ನಿಮಿಷ ತಡೆಯಿರಿ ಅಂದೆ. ಅಲ್ಲಿಗೆ ಬಂದಾಗ ಹೊಲದಲ್ಲಿ ಏನು ಕೆಲಸ ನಡೀತಿತ್ತು ಎಂದು ಕೇಳಿದೆ. ತಕ್ಷಣ ಹೇಳಿದಳು: "ನಾ ಬಂದಾಗ ಶುಂಠಿ ನೆಡೂದು ನಡದಿತ್ತ್ರಿ. ಆಮ್ಯಾಲ ಅದನ್ನ ಕಿತ್ತಿವಿ. ಮತ್ತ ನೆಟ್ಟಿವಿ. ಈಗ ಎರಡನೇದು ಕೀಳಾಕ ಬಂದೈತಿ." ಶುಂಠಿ ನೆಡುವುದು ಬೇಸಿಗೆಯಲ್ಲಿ, ಯುಗಾದಿಯ ಆಸುಪಾಸು. ಲೆಕ್ಕ ಹಾಕಿದರೆ 2023ರ ಮಾರ್ಚ್ ಅಥವಾ ಏಪ್ರಿಲ್. ಇಪ್ಪತ್ತು ತಿಂಗಳು. ಅವಳ ಹತ್ತಿರ ಕ್ಯಾಲೆಂಡರ್ ಇತ್ತು, ನಮಗೆ ಓದಲು ಬರಲಿಲ್ಲ ಅಷ್ಟೆ.

ಗಂಡ ತೀರಿಕೊಂಡ ವರ್ಷ ಮಳೆಯೂ ಕೈಕೊಟ್ಟಿತ್ತು. ಮಗನನ್ನು ಅತ್ತೆಯ ಹತ್ತಿರ ಬಿಟ್ಟು, ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸಿ, ಅರಸೀಕೆರೆಯಲ್ಲಿ ಇಳಿದಿದ್ದಳು. ಜೊತೆಗೆ ಬರಬೇಕಿದ್ದ ಸಂಬಂಧಿ ಬರಲಿಲ್ಲ. ಸ್ಟೇಷನ್ನಿನ ಹೊರಗೆ ಒಬ್ಬ ಮೇಸ್ತ್ರಿ ಬಂದು, ದಿನಕ್ಕೆ ಐನೂರು, ಊಟ ವಸತಿ ನಮ್ಮದೇ ಅಂದ. ಎಂಟು ಸಾವಿರ ಮುಂಗಡ ಕೊಟ್ಟ. ಅದನ್ನು ಊರಿಗೆ ಕಳಿಸಿದಳು. ಆಮೇಲೆ ಒಂದು ರೂಪಾಯಿಯೂ ಕೈಗೆ ಬರಲಿಲ್ಲ. ಕೇಳಿದಾಗಲೆಲ್ಲ "ನಿನ್ನ ಮುಂಗಡ ಇನ್ನೂ ತೀರಿಲ್ಲ". ಅಕ್ಕಿ, ಸೋಪು, ಜ್ವರದ ಮಾತ್ರೆ, ಎಲ್ಲವೂ ಅದೇ ಲೆಕ್ಕಕ್ಕೆ.

"ರಾತ್ರಿ ಬಾಗಿಲಿಗೆ ಬೀಗ ಹಾಕ್ತಿದ್ರು ಸರಿ. ಹಗಲು ಹೊಲದಲ್ಲಿದ್ದೆಯಲ್ಲ, ಓಡಿಹೋಗಬಹುದಿತ್ತಲ್ಲ?" ಎಂದು ಒಬ್ಬರು ಕೇಳಿದರು. ಅವರ ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ. ಅವಳು ಸೆರಗಿನ ಅಂಚನ್ನೇ ಮಡಚುತ್ತಾ ಕೂತಳು.

ಓಡಿ ಎಲ್ಲಿಗೆ ಹೋಗಬೇಕಿತ್ತು? ಫೋನು ಮೇಸ್ತ್ರಿಯ ಹತ್ತಿರ, ಆಧಾರ್ ಅವನ ಹತ್ತಿರ. ದಾರಿ ಗೊತ್ತಿಲ್ಲ. ಅವಳ ಊರು, ಮಗನ ಹೆಸರು, ಮಗನ ಶಾಲೆ ಮೇಸ್ತ್ರಿಗೆ ಗೊತ್ತು. ಬೇಲಿ ಬೇಕೇ? ವಕೀಲರು ನೆನಪಿಸಿದ್ದು ಒಳ್ಳೆಯದಾಯಿತು: 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ, ಇದು ಜೀತದ ಸಾಲ ಎಂದು ಕೂಲಿಯವಳು ರುಜುವಾತು ಮಾಡಬೇಕಿಲ್ಲ. ಅಲ್ಲ ಎಂದು ತೋರಿಸುವ ಹೊಣೆ ಸಾಲ ಕೊಟ್ಟವನದು. 1982ರಲ್ಲಿ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಗಿ, ಹಸಿವಿನ ಒತ್ತಡಕ್ಕೆ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವುದೂ ಬಲವಂತದ ದುಡಿಮೆಯೇ ಎಂದಿತು. ಓಡಬಹುದಿತ್ತಲ್ಲ ಎಂಬ ಪ್ರಶ್ನೆಗೆ ನಲವತ್ತೆರಡು ವರ್ಷದ ಹಿಂದೆಯೇ ಉತ್ತರ ಬಂದಿದೆ. ಕೋಣೆಯೊಳಗೆ ಕೂತವರಿಗೆ ಅದು ಇನ್ನೂ ಕೇಳಿಸಬೇಕಷ್ಟೆ.

ಅಲ್ಲಿ ಅವಳಿಗೆ ಇನ್ನೂ ಏನೇನಾಯಿತೋ, ಅವಳು ಹೇಳಲಿಲ್ಲ. ನಾನು ಕೇಳಲಿಲ್ಲ.

16 ಡಿಸೆಂಬರ್, ಸೋಮವಾರ

ಬಿಡಿಸಿ ತಂದವರನ್ನು ಇರಿಸುವ ಹಾಸನದ ಸ್ವೀಕಾರ ಕೇಂದ್ರದಲ್ಲೇ ಅವಳು ಇನ್ನೂ ಇದ್ದಾಳೆ. ನೋಡಿಕೊಂಡು ಬಂದೆ. ವಾಪಸ್ಸು ರೈಲಿನಲ್ಲಿ.

ಅರಸೀಕೆರೆ ಸ್ಟೇಷನ್ನಿನಲ್ಲಿ ಇಳಿದು ಸುಮ್ಮನೆ ಬೆಂಚಿನ ಮೇಲೆ ಅರ್ಧ ಗಂಟೆ ಕೂತೆ. ನಲವತ್ತು ವರ್ಷದಿಂದ ನೋಡುತ್ತಿರುವ ಜಂಕ್ಷನ್. ಬೆಂಗಳೂರು, ಹುಬ್ಬಳ್ಳಿ, ಹಾಸನ–ಮಂಗಳೂರು, ಎಲ್ಲ ದಾರಿಗಳೂ ಇಲ್ಲಿ ಕೂಡುತ್ತವೆ. ನಮಗದು ಹೆಮ್ಮೆ. ದಾರಿ ಗೊತ್ತಿಲ್ಲದೆ ಇಳಿಯುವವರನ್ನು ಹೊಂಚುವವನಿಗೆ ಅದೇ ಅನುಕೂಲ.

ಆರು ವರ್ಷದ ಹಿಂದೆ ಇದೇ ತಿಂಗಳ ನಡುವಿನಲ್ಲಿ ಸಾವಂಕನಹಳ್ಳಿಯ ಸುದ್ದಿ ಬಂದಿತ್ತು. 2018ರ ಡಿಸೆಂಬರ್. ಶೆಡ್ಡೊಂದರಲ್ಲಿ ಕೂಡಿಹಾಕಿದ್ದ 52 ಜನರನ್ನು ಪೊಲೀಸರು ಬಿಡಿಸಿದ್ದರು. ಅವರಲ್ಲಿ ಹೆಂಗಸರಿದ್ದರು, ಮಕ್ಕಳಿದ್ದರು. ಕರ್ನಾಟಕದವರು, ಆಂಧ್ರದವರು, ತೆಲಂಗಾಣದವರು. ಕೆಲಸ ಕೊಡಿಸುತ್ತೇವೆಂದು ಅವರಲ್ಲಿ ಹಲವರನ್ನು ಕರೆದೊಯ್ದದ್ದು ಇದೇ ಸ್ಟೇಷನ್ನಿನಿಂದ. ಒಬ್ಬ ಎತ್ತರದ ಗೋಡೆ ಹಾರಿ ತಪ್ಪಿಸಿಕೊಂಡು ಹೋಗಿ ಹೇಳಿದ್ದರಿಂದ ಹೊರಗೆ ಗೊತ್ತಾಯಿತು. ಆಗ ನಾನಿನ್ನೂ ಶಾಲೆಯಲ್ಲಿದ್ದೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಪೇಪರು ಓದಿ, ನಮ್ಮ ಜಿಲ್ಲೆಯಲ್ಲೂ ಹೀಗಾ ಅಂದೆವು. ಗಂಟೆ ಹೊಡೆಯಿತು, ತರಗತಿಗೆ ಹೋದೆವು. ಐವತ್ತೆರಡು ಎನ್ನುವ ಸಂಖ್ಯೆ ನೆನಪಿನಲ್ಲಿ ಉಳಿಯಿತು. ಆ ಐವತ್ತೆರಡು ಜನ ಮಾರನೆಯ ದಿನ ಎಲ್ಲಿ ಮಲಗಿದರು, ಯಾರಿಗೆ ಫೋನು ಮಾಡಿದರು ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ.

28 ಡಿಸೆಂಬರ್, ಶನಿವಾರ

ನಮ್ಮ ಹಿತ್ತಲ ಬಾಡಿಗೆ ಕೋಣೆ ಖಾಲಿ ಇತ್ತು. ಕೇಂದ್ರದಲ್ಲಿರಲು ಅವಳಿಗೆ ಇಷ್ಟವಿಲ್ಲ. ಗೇಟಿಗೆ ಬೀಗ ಹಾಕುವ ಸದ್ದಿಗೇ ಮೈ ಬೆವರುತ್ತದಂತೆ. ಹೇಳಬೇಕಾದವರಿಗೆಲ್ಲ ಹೇಳಿ, ಅವಳ ಒಪ್ಪಿಗೆ ಬರೆಸಿ, ಕಳೆದ ವಾರ ಇಲ್ಲಿಗೆ ಬಂದಳು. ಕೋಣೆಯ ಬಾಗಿಲಿಗೆ ಒಳಗಿನಿಂದ ಹಾಕುವ ಚಿಲಕ ಇದೆಯೇ ಎಂದು ಮೊದಲು ನೋಡಿದಳು.

ದಿನಾ ಬೆಳಗಿನ ಜಾವ ಮೂರಕ್ಕೆ ಅಂಗಳ ಗುಡಿಸುವ ಸದ್ದು. ಶೆಡ್ಡಿನಲ್ಲಿ ಎಬ್ಬಿಸುತ್ತಿದ್ದ ಹೊತ್ತದು. ಮಲಗೇ, ಇಲ್ಲಿ ಯಾರೂ ಬೈಯಲ್ಲ ಎಂದು ಎರಡು ದಿನ ಹೇಳಿದೆ. ಮೂರನೆಯ ದಿನ ಗದರಿಕೊಂಡೆ. ಅವತ್ತು ಪೊರಕೆ ಹಿಡಿದ ಕೈ ನಡುಗಿದ್ದನ್ನು ನೋಡಿ ನನ್ನ ನಾಲಿಗೆಗೆ ನಾನೇ ಶಾಪ ಹಾಕಿಕೊಂಡೆ.

ಇವತ್ತು ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವರು ನಿದ್ದೆ ಮಾತ್ರೆ ಬರೆಯುವ ಅವಸರ ಮಾಡಲಿಲ್ಲ. ಎಚ್ಚರವಾದರೆ ಏಳಲಿ, ದೀಪ ಹಾಕಿಕೊಳ್ಳಲಿ, ಚಹಾ ಮಾಡಿಕೊಳ್ಳಲಿ, ಕೆಲಸ ಮಾತ್ರ ಬೇಡ ಅಂದರು. ನನ್ನನ್ನು ಹೊರಗೆ ಕರೆದು, ಏನು ನಡೆಯಿತೆಂದು ಪದೇಪದೇ ಕೇಳಬೇಡಿ, ಆಕೆಗೆ ಹೇಳಬೇಕೆನಿಸಿದ ದಿನ ಹೇಳುತ್ತಾಳೆ ಎಂದರು. ರಾತ್ರಿ ತೀರಾ ಕಷ್ಟವಾದರೆ ಕರೆ ಮಾಡಲು ಟೆಲಿ ಮಾನಸ್‌ನ 14416 ಬರೆದುಕೊಟ್ಟರು. ಅದನ್ನು ಅವಳ ಕೋಣೆಯ ಗೋಡೆಗೆ ದೊಡ್ಡ ಅಂಕಿಯಲ್ಲಿ ಬರೆದು ಅಂಟಿಸಿದೆ.

ಎದುರು ಮನೆಯವರು, ಹೊಸ ಕೆಲಸದವಳಾ ಅಂದರು. ಬಾಡಿಗೆಯವಳು ಅಂದೆ.

7 ಜನವರಿ 2025, ಮಂಗಳವಾರ

ಬಿಡುಗಡೆ ಪತ್ರ ಬಂತು. ಉಪವಿಭಾಗಾಧಿಕಾರಿಗಳ ಸಹಿ, ಮೊಹರು. ಒಂದೇ ಹಾಳೆ. ಸಾಲ ರದ್ದು, ಯಾರೂ ವಸೂಲಿಗೆ ಬರುವ ಹಾಗಿಲ್ಲ. ಓದಿ ಹೇಳಿದೆ. "ಎಂಟು ಸಾವಿರ ನಾ ಕೊಡೂದಿಲ್ಲೇನ್ರಿ ಹಂಗಾದ್ರ?" ಎಂದು ಮೂರು ಸಲ ಕೇಳಿದಳು. ಕೊಡಬೇಕಿಲ್ಲ, ಕಾಯ್ದೆಯ ಪ್ರಕಾರ ಆ ಸಾಲವೇ ಇಲ್ಲ ಎಂದರೂ ನಂಬಿಕೆ ಬರಲಿಲ್ಲ.

ಈ ಹಾಳೆಯಿಲ್ಲದೆ ಮುಂದೇನೂ ಇಲ್ಲ. ತಕ್ಷಣದ ನೆರವೆಂದು ಮೂವತ್ತು ಸಾವಿರದವರೆಗೆ ಸಿಗಬೇಕು. ಪೂರ್ತಿ ಪುನರ್ವಸತಿ ಗಂಡಸರಿಗೆ ಒಂದು ಲಕ್ಷ, ಹೆಂಗಸರಿಗೆ ಮತ್ತು ಮಕ್ಕಳಿಗೆ ಎರಡು ಲಕ್ಷ, ಮಾನವ ಸಾಗಣೆ ಮತ್ತು ಲೈಂಗಿಕ ಶೋಷಣೆಯಂಥ ಘೋರ ಪ್ರಕರಣಗಳಲ್ಲಿ ಮೂರು ಲಕ್ಷ. ಆದರೆ ಆ ದೊಡ್ಡ ಮೊತ್ತ ಪ್ರಕರಣದ ತೀರ್ಪಿಗೆ ಗಂಟು ಬಿದ್ದಿದೆ. ತೀರ್ಪು ಬರುವವರೆಗೆ ಅವಳು ಎಲ್ಲಿರಬೇಕು, ಏನು ತಿನ್ನಬೇಕು? ಹೊಟ್ಟೆ ಕೇಳುವುದು ಇವತ್ತು ಸಂಜೆಯ ಊಟ. ಮತ್ತೆ ಮುಂಗಡ ಹಿಡಿದುಕೊಂಡು ಇನ್ನೊಬ್ಬ ಮೇಸ್ತ್ರಿ ಬರುವುದು ಈ ನಡುವಿನ ದಿನಗಳಲ್ಲೇ.

ಮಧ್ಯಾಹ್ನ ಬ್ಯಾಂಕಿಗೆ ಹೋದೆವು. ವಿಳಾಸ ಕೊಪ್ಪಳದ್ದು, ಇಲ್ಲಿ ಖಾತೆ ಆಗುವುದಿಲ್ಲ ಅಂದರು. ಪತ್ರ ತೋರಿಸಿದೆ. ನಾಳೆ ಬನ್ನಿ ಅಂದರು. ಪಕ್ಕದಲ್ಲಿ ಕೂತವರು, "ಜೀತ ಅಂತೆ" ಎಂದು ಪಿಸುಗುಟ್ಟಿದ್ದು ಅವಳಿಗೂ ಕೇಳಿಸಿತು. ಮನೆಯವರೆಗೂ ತಲೆ ಎತ್ತಲಿಲ್ಲ.

ಪೊಲೀಸರು ಶೆಡ್ಡಿನಲ್ಲಿ ಸಿಕ್ಕ ಅವಳ ಆಧಾರ್ ಕಾರ್ಡನ್ನೂ ಇವತ್ತು ಕೊಟ್ಟರು. ರಬ್ಬರ್ ಬ್ಯಾಂಡು ಹಾಕಿದ ಕಟ್ಟಿನಲ್ಲಿ ಎಲ್ಲರದೂ ಒಟ್ಟಿಗಿತ್ತಂತೆ. ಅದನ್ನೂ ಬಿಡುಗಡೆ ಪತ್ರವನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ ನನ್ನ ಬೀರುವಿನಲ್ಲಿಟ್ಟೆ.

14 ಜನವರಿ, ಮಂಗಳವಾರ, ಸಂಕ್ರಾಂತಿ

ಎಳ್ಳು, ಬೆಲ್ಲ, ಕೊಬ್ಬರಿ. ಕೊಬ್ಬರಿ ಹೆಚ್ಚುವುದಕ್ಕೆ ತಾನೇ ಕೂತಳು. ಅರಸೀಕೆರೆಯ ಕೊಬ್ಬರಿ ರುಚಿ ನೋಡು, ನಮ್ಮ ಊರಿಗೆ ಹೆಸರು ತಂದದ್ದೇ ಇದು ಅಂದೆ. ಒಂದು ಚೂರು ಬಾಯಿಗೆ ಹಾಕಿಕೊಳ್ಳುವ ಮೊದಲು "ತಿನ್ಲೇನ್ರಿ?" ನಾನು ಉತ್ತರ ಕೊಡುವುದನ್ನೇ ಬಿಟ್ಟಿದ್ದೇನೆ. ಕೊಟ್ಟರೆ ಅಪ್ಪಣೆಯಾಗುತ್ತದೆ.

ಮಧ್ಯಾಹ್ನ ಊರಿಗೆ ಫೋನು. ಅತ್ತೆ ಮೊದಲು ಮಾತಾಡಲೇ ಇಲ್ಲ. ಆಮೇಲೆ, "ಯಾರ ಜೋಡಿ ಹೋಗಿದ್ದಿ?" ಅಂದದ್ದು ಸ್ಪೀಕರಿನಲ್ಲಿ ನನಗೂ ಕೇಳಿಸಿತು. ಇಪ್ಪತ್ತು ತಿಂಗಳು ಸುದ್ದಿಯಿಲ್ಲದ ಹೆಣ್ಣಿನ ಬಗ್ಗೆ ಊರು ಒಂದು ಕತೆ ಕಟ್ಟಿಕೊಂಡಿದೆ. ನಾನು ಫೋನು ತೆಗೆದುಕೊಂಡು ನಡೆದದ್ದನ್ನು ಹೇಳಿದೆ, ಸರ್ಕಾರದ ಪತ್ರವಿದೆ ಅಂದೆ. ಅತ್ತೆ "ಹಂಗೇನ್ರಿ" ಅಂದರು. ನಂಬಿದರೋ ಇಲ್ಲವೋ.

ಮಗನಿಗೀಗ ಹತ್ತು. "ಯವ್ವಾ, ನಿನ್ನ ದನಿ ಬ್ಯಾರೆ ಆಗೈತಿ" ಅಂದ. ಅವಳು ಸಂಜೆಯವರೆಗೂ ಮಾತಾಡಲಿಲ್ಲ.

ಬಿಡಿಸಿದ ಮೇಲೆ ಊರಿಗೆ ಕಳಿಸಿಬಿಟ್ಟರೆ ಮುಗಿಯಿತು ಅಂದುಕೊಂಡಿದ್ದೆ. ಊರಿಗೆ ಹೋಗುವುದಕ್ಕೂ ಬರೀ ರೈಲಿನ ಟಿಕೆಟ್ಟು ಸಾಲದು. ಅಲ್ಲಿನ ಪಂಚಾಯಿತಿಯವರೋ ಅಂಗನವಾಡಿ ಕಾರ್ಯಕರ್ತೆಯೋ ಅತ್ತೆಯ ಮನೆಗೆ ಹೋಗಿ ಕೂತು ಮಾತಾಡಬೇಕು. ಅಲ್ಲಿನ ಕಾನೂನು ಸೇವಾ ಪ್ರಾಧಿಕಾರಕ್ಕೆ ಬರೆದಿದ್ದೇನೆ. ಸಾಗಣೆಗೆ, ಬಿಟ್ಟಿ ದುಡಿಮೆಗೆ ಸಿಕ್ಕವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವೆಂದು 1987ರ ಕಾಯ್ದೆಯ 12ನೇ ಸೆಕ್ಷನ್ನಿನಲ್ಲೇ ಇದೆ. ನೆರವೆಂದರೆ ಕೋರ್ಟಿನಲ್ಲಿ ನಿಲ್ಲುವುದೊಂದೇ ಅಲ್ಲವಲ್ಲ.

19 ಜನವರಿ, ಭಾನುವಾರ

ಇದನ್ನು ಬರೆಯಲೇಬೇಕು.

ಬೆಳಿಗ್ಗೆ ಅವಳು ತಲೆ ಬಾಚಿ, ಒಗೆದ ಸೀರೆ ಉಟ್ಟು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. "ಅಕ್ಕೋರ, ನನ್ನ ಆಧಾರ್ ಕಾರ್ಡ್ ಕೊಡ್ತೀರೇನ್ರಿ? ಬಸ್ಸಿಗೆ ಬೇಕಂತ್ರಿ." ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾದದ್ದು 2023ರ ಜೂನ್‌ನಲ್ಲಿ, ಅವಳು ಶೆಡ್ಡು ಸೇರಿದ ಮೇಲೆ. ಕಾರ್ಡು ತೋರಿಸಿದರೆ ದುಡ್ಡಿಲ್ಲದೆ ಹೋಗಬಹುದೆಂದು ಮೊನ್ನೆ ಹೂವಿನವಳು ಹೇಳಿದ್ದಾಳೆ.

ಎಲ್ಲಿಗೆ ಎಂದೆ. ಸುಮ್ಮನೆ, ಬಾಣಾವರದವರೆಗೆ ಹೋಗಿ ಬರ್ತೀನಿ ಅಂದಳು. ನನಗೆ ದಿಗಿಲಾಯಿತು. ಮೇಸ್ತ್ರಿಯ ಕಡೆಯ ಜನ ನೋಡಿದರೆ? ಕಾರ್ಡು ಕಳೆದರೆ? ಕೇಸಿಗೆ ಬೇಕಾದ ದಾಖಲೆ. "ಬೇಡ ಕಣೇ, ಕಳೆದುಹೋದ್ರೆ ಮತ್ತೆ ಮಾಡಿಸೋದು ಕಷ್ಟ. ನನ್ನ ಹತ್ರಾನೇ ಇರಲಿ, ಭದ್ರವಾಗಿರುತ್ತೆ" ಎಂದೆ.

ಅವಳು ಸಿಟ್ಟಾಗಲಿಲ್ಲ. ಮೆಲ್ಲಗೆ, ನೆನಪು ಮಾಡಿಕೊಳ್ಳುವ ಹಾಗೆ ಹೇಳಿದಳು: "ಮೇಸ್ತ್ರಿನೂ ಹಿಂಗ ಅಂದಿದ್ದ್ರಿ. ಭದ್ರ ಇರತೈತಿ ಅಂತ."

ಒಗ್ಗರಣೆ ಸೀದುಹೋಯಿತು. ಬೀರುವಿನ ಕೀಲಿ ನನ್ನ ಸೊಂಟದಲ್ಲಿತ್ತು. ಹನ್ನೆರಡು ದಿನದಿಂದ ಅವಳ ಹೆಸರಿನ ಕಾಗದಗಳಿಗೆ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದೆ. ಒಳ್ಳೆಯ ಮನಸ್ಸಿನಿಂದಲೇ. ಅವಳ ಕಡೆಯಿಂದ ನೋಡಿದರೆ ಬೀಗಕ್ಕೆ ಮನಸ್ಸಿಲ್ಲ. ಯಾರು ಹಾಕಿದರೂ ಅದು ಬೀಗವೇ.

ಕವರು ತಂದು ಕೊಟ್ಟೆ. ಬಿಡುಗಡೆ ಪತ್ರ, ಆಧಾರ್, ಕೊನೆಗೂ ಆದ ಖಾತೆಯ ಪಾಸ್‌ಬುಕ್. ತಪ್ಪಾಯ್ತು ಅಂದೆ. ಅವಳು ಕಾರ್ಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಬಾಣಾವರಕ್ಕೆ ಹೋದಳು. ಮಧ್ಯಾಹ್ನ ಒಂದೂವರೆಗೆ ವಾಪಸ್ಸು ಬಂದಳು. ಅಷ್ಟು ಹೊತ್ತು ನಾನು ಗೇಟಿನ ಹತ್ತಿರವೇ ಇದ್ದೆ. ಕಾಯುವುದು ನನ್ನ ಪಾಲಿನ ಕೆಲಸ, ತಡೆಯುವುದಲ್ಲ.

26 ಜನವರಿ, ಭಾನುವಾರ
ಬೇಲೂರು

ಧ್ವಜವಂದನೆ ಮುಗಿಸಿ ಹೊರಟೆವು. ಈ ಸಲವೂ ಟಿಕೆಟ್ಟಿಗೆ ಕಾರ್ಡು ತೋರಿಸಿದ್ದು ಅವಳೇ. ಬಾಣಾವರ, ಜಾವಗಲ್ ದಾಟಿ ಹಳೇಬೀಡು, ಅಲ್ಲಿಂದ ಬೇಲೂರು.

ಚೆನ್ನಕೇಶವನ ಗುಡಿಯಲ್ಲಿ ಮದನಿಕೆಯರನ್ನು ನೋಡುತ್ತಾ ಸುತ್ತಿದಳು. ಯಾರು ಮಾಡಿದ್ದು ಇದೆಲ್ಲ ಎಂದು ಕೇಳಿದಳು. ವಿಷ್ಣುವರ್ಧನ ಎನ್ನುವ ದೊರೆ ಎಂದು ಬಾಯಿಗೆ ಬಂದಿತ್ತು, ನಲವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟದ್ದು ಅದೇ. ತಡೆದುಕೊಂಡು, ದಾಸೋಜ ಅಂತ ಒಬ್ಬ, ಅವನ ಮಗ ಚಾವಣ, ಇನ್ನೂ ಎಷ್ಟೋ ಜನ ಎಂದೆ. ದಾಸೋಜನ ಊರು ಬಳ್ಳಿಗಾವೆ, ಶಿಕಾರಿಪುರದ ಕಡೆ. ಕೆಲಸಕ್ಕಾಗಿ ಇಷ್ಟು ದೂರ ಬಂದಿದ್ದ. ತಾನು ಕೆತ್ತಿದ ಕಲ್ಲಿನ ಕೆಳಗೆ ಹೆಸರೂ ಊರೂ ಬರೆಸಿದ್ದಾನೆ.

"ಕೂಲಿ ಮಂದಿ ಹೆಸರು ಗುಡಿಯಾಗ ಬರದಾರೇನ್ರಿ?" ಅವಳು ನಂಬಲಿಲ್ಲ. ಗೈಡು ಒಬ್ಬರು ಪೀಠದ ಮೇಲಿನ ಅಕ್ಷರ ತೋರಿಸಿದರು. ಹಳಗನ್ನಡ ಲಿಪಿ, ನನಗೂ ಓದಲು ಬರಲಿಲ್ಲ. ಅವಳು ಬಹಳ ಹೊತ್ತು ಅದನ್ನೇ ನೋಡಿದಳು.

ಗುಡಿ ಶುರುವಾದದ್ದು 1117ರಲ್ಲಿ. ಒಂಬೈನೂರು ವರ್ಷದ ಮೇಲೂ ದಾಸೋಜ ಎಲ್ಲಿಂದ ಬಂದ, ಏನು ಮಾಡಿದ ಎಂದು ಹೇಳಬಹುದು. ಇವಳು ಇಪ್ಪತ್ತು ತಿಂಗಳು ದುಡಿದ ಹೊಲದಲ್ಲಿ ಇವಳ ಹೆಸರು ಬರೆದ ಒಂದು ಹಾಜರಿ ಪುಸ್ತಕವೂ ಇಲ್ಲ. ರಾಜ್ಯದ ಗಡಿ ದಾಟಿ ಬಂದಿದ್ದರೆ 1979ರ ವಲಸೆ ಕಾರ್ಮಿಕರ ಕಾಯ್ದೆಯಂತೆ ಗುತ್ತಿಗೆದಾರ ಫೋಟೊ ಅಂಟಿಸಿದ ಪಾಸ್‌ಬುಕ್ಕಾದರೂ ಕೊಡಬೇಕಿತ್ತು. ಕೊಪ್ಪಳದಿಂದ ಹಾಸನಕ್ಕೆ ಬಂದವಳಿಗೆ ಅದೂ ಅನ್ವಯಿಸಲಿಲ್ಲ. ಒಂದೇ ರಾಜ್ಯ, ನಮ್ಮದೇ ಭಾಷೆ. ಹಾಗಾಗಿ ಅವಳು ವಲಸೆ ಬಂದವಳೆಂದೇ ಯಾರಿಗೂ ಕಾಣಿಸಲಿಲ್ಲ.

1 ಫೆಬ್ರವರಿ, ಶನಿವಾರ

ಹೊಲಿಗೆ ತರಬೇತಿಗೆ ಹೆಸರು ಬರೆಸಿ ಎಂದು ಎಲ್ಲರೂ ಹೇಳುತ್ತಿದ್ದಾರೆ. ನನಗೂ ಅದೇ ಸರಿ ಅನ್ನಿಸಿತ್ತು. ಅರಸೀಕೆರೆಯಲ್ಲೇ ಇರುತ್ತಾಳೆ, ಕಣ್ಣೆದುರಿಗಿರುತ್ತಾಳೆ. ಇವತ್ತು ಹೇಳಿದಳು: "ನನಗ ಹೊಲಿಗಿ ಬ್ಯಾಡ್ರಿ. ಕಣ್ಣು ಕಾಣೂದಿಲ್ಲ. ನಾ ರೊಟ್ಟಿ ಬಡೀತೀನಿ."

ಬೇಲೂರಿನಿಂದ ಬರುವಾಗ ಹಳೇಬೀಡಿನ ಗುಡಿಯ ಹತ್ತಿರ ಒಂದು ಖಾನಾವಳಿಯಲ್ಲಿ ಚಹಾ ಕುಡಿದಿದ್ದೆವು. ಪ್ರವಾಸದ ಬಸ್ಸಿನಲ್ಲಿ ಬಂದ ಉತ್ತರ ಕರ್ನಾಟಕದವರು ಜೋಳದ ರೊಟ್ಟಿ ಕೇಳಿ, ಇಲ್ಲ ಅನ್ನಿಸಿಕೊಂಡು ಹೋದದ್ದನ್ನು ಇವಳು ನೋಡಿಕೊಂಡಿದ್ದಾಳೆ. ಮೊನ್ನೆ ಒಬ್ಬಳೇ ಹೋಗಿ ಆ ಖಾನಾವಳಿಯ ಯಜಮಾನಮ್ಮನ ಹತ್ತಿರ ಮಾತಾಡಿ ಬಂದಿದ್ದಾಳೆ! ದಿನಕ್ಕೆ ನಾನೂರೈವತ್ತು, ಹಿಂದೆಯೇ ಒಂದು ಕೋಣೆ.

ನೂರು ಪ್ರಶ್ನೆ ಬಂತು ನನಗೆ. ಎರಡೇ ಕೇಳಿದೆ. ಕೋಣೆಯ ಚಿಲಕ ಒಳಗಿದೆಯಾ? ಇದೆ. ಮುಂಗಡ ತಗೊಂಡೆಯಾ?

"ಕೊಡಾಕ ಬಂದ್ರ್ರಿ. ಬ್ಯಾಡ ಅಂದೆ. ದಿನದ್ದು ದಿನಾ ಕೈಯಾಗ ಕೊಡ್ರಿ ಅಂದೆ."

9 ಫೆಬ್ರವರಿ, ಭಾನುವಾರ
ಹಳೇಬೀಡು

1976ರಲ್ಲಿ ಜೀತ ರದ್ದತಿ ಕಾಯ್ದೆಗೆ ಅಂಕಿತ ಬಿದ್ದದ್ದು ಇದೇ ತಾರೀಕಿನಂದು. ಕಚೇರಿಗಳಲ್ಲಿ ಪ್ರತಿಜ್ಞೆ ಓದಿಸುತ್ತಾರೆ. ನಾನು ಇವತ್ತು ರೊಟ್ಟಿ ತಿನ್ನಲು ಬಂದಿದ್ದೆ.

ಅವಳು ಇಲ್ಲಿಗೆ ಬಂದು ಐದು ದಿನ. ಇನ್ನೂ ಮೂರಕ್ಕೇ ಎಚ್ಚರವಾಗುತ್ತದಂತೆ. ಎದ್ದು ಚಹಾ ಮಾಡಿಕೊಂಡು ಮತ್ತೆ ಮಲಗುತ್ತಾಳಂತೆ. ಮೂವತ್ತು ಸಾವಿರ ಇನ್ನೂ ಖಾತೆಗೆ ಬಂದಿಲ್ಲ. ಕೋರ್ಟಿನಲ್ಲಿ ಮೇಸ್ತ್ರಿಯ ಎದುರು ನಿಲ್ಲಬೇಕಾದ ದಿನ ಮುಂದಿದೆ. ಅವನ ಮುಖ ಕಾಣದ ಹಾಗೆ ಸಾಕ್ಷಿ ಹೇಳುವ ಏರ್ಪಾಡಿಗೆ ವಕೀಲರು ಅರ್ಜಿ ಹಾಕುತ್ತಾರೆ. ಊರಿನಿಂದ ಅತ್ತೆ ಒಮ್ಮೆ ತಾವಾಗಿಯೇ ಫೋನು ಮಾಡಿದ್ದರಂತೆ. ಏನು ಮಾತಾಡಿದರೆಂದು ಅವಳು ಹೇಳಲಿಲ್ಲ.

ಮಧ್ಯಾಹ್ನದ ಗಿರಾಕಿ ಕರಗಿದ ಮೇಲೆ ಒಂದು ನೋಟ್‌ಬುಕ್ ತಂದು ತೋರಿಸಿದಳು. ದಿನದ ಕೂಲಿ, ತಾರೀಕು, ಪಕ್ಕದಲ್ಲಿ ಯಜಮಾನಮ್ಮನ ಸಹಿ. ಹೊದಿಕೆಯ ಮೇಲೆ ತನ್ನ ಹೆಸರು ಬರೆದಿದ್ದಾಳೆ, ಅದರ ಕೆಳಗೆ ಊರು. ಎರಡನೇ ತರಗತಿಗೆ ಬಿಟ್ಟ ಅಕ್ಷರ, ಒಂದು ಒತ್ತಕ್ಷರ ತಪ್ಪಿದೆ. ಟೀಚರಾಗಿದ್ದ ಕೈ ತಿದ್ದಲು ತುರಿಸಿತು. ತಿದ್ದಲಿಲ್ಲ.

ಹೊರಡುವಾಗ ಬಸ್‌ಸ್ಟ್ಯಾಂಡಿನವರೆಗೆ ಬಂದಳು. ಮುಂದಿನ ಭಾನುವಾರ ಮನೆಗೆ ಬಾ ಅಂದೆ.

"ಆಗೂದಿಲ್ರಿ ಅಕ್ಕೋರ, ಭಾನುವಾರ ಮಂದಿ ಭಾಳ. ಸೋಮವಾರ ಬರ್ತೀನಿ," ಅಂದಳು. ಬಸ್ಸು ಬರುವ ಮೊದಲೇ, ಹಿಟ್ಟು ನಾದಬೇಕೆಂದು ತಿರುಗಿ ಹೋದಳು.